2 ಮಿಲಿಮೀಟರ್ ಬಿರುಕಿಗೆ ರಾಡ್ ಹಿಡಿಯುವ ಮೊದಲು

ನಾನು ಕೆಲಸ ಕಲಿತದ್ದು ಪೀಣ್ಯದ ಒಂದು ವರ್ಕ್‌ಶಾಪ್‌ನಲ್ಲಿ. ಅಲ್ಲಿ ಬಿರುಕಿಗೆ ಒಂದೇ ಮದ್ದು. ಡಿಪಿ ಟೆಸ್ಟ್‌ನಲ್ಲಿ, ಅಂದರೆ ಬಣ್ಣದ ದ್ರವ ಬಳಿದು ಬಿರುಕು ಹುಡುಕುವ ಪರೀಕ್ಷೆಯಲ್ಲಿ, ಬಿಳಿ ಪುಡಿಯ ಮೇಲೆ ಕೆಂಪು ಗೆರೆ ಮೂಡಿದರೆ ಸಾಕು, ಮೇಸ್ತ್ರಿ ಕೂಗುತ್ತಿದ್ದರು: "ಅಗೆದು ತುಂಬಿಸ್ರೋ!" ಗ್ರೈಂಡರ್‌ನಿಂದ ಅಗೆಯೋದು, ವೆಲ್ಡಿಂಗ್ ರಾಡ್ ಸುಟ್ಟು ತುಂಬಿಸೋದು, ಪೇಂಟ್ ಬಳಿಯೋದು. ಎಷ್ಟು ಆಳ ಇತ್ತು ಅಂತ ಯಾರೂ ಬರೆದಿಡುತ್ತಿರಲಿಲ್ಲ. ಒಮ್ಮೆ ಕ್ರೇನ್ ಗರ್ಡರ್ ಒಂದರಲ್ಲಿ ಹೀಗೆ ತುಂಬಿಸಿದ ಜಾಗದ ಪಕ್ಕದಲ್ಲೇ, ಕೆಲವು ತಿಂಗಳಲ್ಲಿ, ಮೊದಲಿಗಿಂತ ಉದ್ದದ ಬಿರುಕು ಬಂತು. ಅದನ್ನೂ ತುಂಬಿಸಿದೆವು!

ಈಗ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿದ್ದೇನೆ. ಸಮುದ್ರದಲ್ಲಿ ನಿಂತಿರುವ ಆಯಿಲ್ ಪ್ಲಾಟ್‌ಫಾರ್ಮ್‌ಗಳ ಉಕ್ಕೇ ನನ್ನ ಕೆಲಸ. ಇಲ್ಲಿ ಬಿರುಕು ಸಿಕ್ಕರೆ ಮೊದಲು ಬರುವುದು ಮೂರು ಪ್ರಶ್ನೆ. ಆಳ ಎಷ್ಟು? ಅಲ್ಲಿ ಎಳೆತ ಎಷ್ಟು? ಈ ಉಕ್ಕಿನ ಟಫ್‌ನೆಸ್, ಅಂದರೆ ಬಿರುಕನ್ನು ತಡೆದು ನಿಲ್ಲಿಸುವ ತಾಕತ್ತು, ಎಷ್ಟು? ಆಮೇಲೆ 1999ರಲ್ಲಿ ಬಂದ ಬಿಎಸ್ 7910 ಅನ್ನೋ ಬ್ರಿಟಿಷ್ ಮಾನಕದ ಪ್ರಕಾರ ಲೆಕ್ಕ.

ಲೆಕ್ಕ ಅಂಥ ಕಷ್ಟದ್ದಲ್ಲ. ದಪ್ಪ ಹಲಗೆಯ ಮೇಲೆ 2 ಮಿಲಿಮೀಟರ್ ಆಳದ ಉದ್ದ ಬಿರುಕು, ಎಳೆತ 150 ಮೆಗಾಪಾಸ್ಕಲ್ ಅಂತಿಟ್ಟುಕೊಳ್ಳಿ. ಬಿರುಕಿನ ತುದಿಗೆ ಬೀಳುವ ಭಾರ ಸುಮಾರು 13 ಮೆಗಾಪಾಸ್ಕಲ್ ರೂಟ್ ಮೀಟರ್ (ಟಫ್‌ನೆಸ್ ಅಳೆಯುವುದೂ ಇದೇ ಮಾನದಲ್ಲಿ). ಒಳ್ಳೆಯ ಕಟ್ಟಡದ ಉಕ್ಕು ಸಾಮಾನ್ಯವಾಗಿ 100ಕ್ಕಿಂತ ಜಾಸ್ತಿ ತಡೆಯುತ್ತದೆ. ಈಗ ಅದೇ ಜಾಗವನ್ನು ಬಿಸಿ ಮಾಡಿ ವೆಲ್ಡ್ ಹೊಡೆಯಿರಿ. ತಣ್ಣಗಾಗುವಾಗ ಒಳಗೇ ಉಳಿಯುವ ಎಳೆತ ಉಕ್ಕು ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗತೊಡಗುವ ಮಟ್ಟದವರೆಗೂ, ಅಂದರೆ ಇಂಥ ಉಕ್ಕಿನಲ್ಲಿ 350 ಮೆಗಾಪಾಸ್ಕಲ್‌ವರೆಗೂ, ಹೋಗಬಹುದು. ಆ ವೆಲ್ಡ್‌ನಲ್ಲಿ ಅಷ್ಟೇ ಆಳದ ಒಂದು ತಪ್ಪು ಉಳಿದರೂ 13 ಇದ್ದದ್ದು 31 ಆಗುತ್ತದೆ. ಅದೂ ಮೇಲಿನಿಂದ ಒಂದು ಕಿಲೋ ಭಾರ ಹೊರಿಸದೆಯೇ!

ಆಳ ಕಡಿಮೆಯಿರುವ ಬಿರುಕಿನ ಇನ್ನೊಂದು ಗುಟ್ಟು ನನಗೆ ತುಂಬ ಇಷ್ಟ. ಲ್ಯಾಬ್‌ನಲ್ಲಿ ಟಫ್‌ನೆಸ್ ಅಳೆಯುವ ತುಂಡಿನಲ್ಲಿ ಬಿರುಕು ಅರ್ಧದವರೆಗೆ ಇಳಿದಿರುತ್ತದೆ. ಅದರ ತುದಿಯ ಲೋಹ ಸುತ್ತಲೂ ಇಕ್ಕಟ್ಟಿನಲ್ಲಿ ಸಿಕ್ಕಿರುತ್ತದೆ, ಹಿಗ್ಗಲು ಜಾಗವಿಲ್ಲ. ಆಳ ಕಡಿಮೆಯಿರುವ ಬಿರುಕಿಗೆ ಮೇಲ್ಮೈ ಹತ್ತಿರ, ಲೋಹ ಅತ್ತ ಕಡೆ ಜಾರಿ ಉಸಿರಾಡುತ್ತದೆ. ಹಾಗಾಗಿ ಲ್ಯಾಬ್ ಅಂಕಿಗಿಂತ ಹೆಚ್ಚೇ ತಡೆಯುತ್ತದೆ. ಬಿಎಸ್ 7910ರ 2013ರ ಪರಿಷ್ಕರಣೆಯಲ್ಲಿ ಇದಕ್ಕೆಂದೇ ಒಂದು ಅನುಬಂಧ ಬಂತು. ಆದರೆ ಇದು ಒಮ್ಮೆಗೇ ಮುರಿಯುವ ವಿಷಯಕ್ಕೆ ಮಾತ್ರ. ಅಲೆ ಬಡಿದ ಹಾಗೆ ಭಾರ ಏರಿಳಿಯುತ್ತಿದ್ದರೆ ಕಥೆ ಉಲ್ಟಾ. ತೀರಾ ಚಿಕ್ಕ ಬಿರುಕುಗಳು ದೊಡ್ಡ ಬಿರುಕುಗಳ ಸೂತ್ರ ಹೇಳುವುದಕ್ಕಿಂತ ಬೇಗ ಬೆಳೆಯುತ್ತವೆ.

ಹಾಗಂತ ಸುಮ್ನೆ ಬಿಟ್ಟುಬಿಡಿ ಅನ್ನುತ್ತಿಲ್ಲ. ಅಮೆರಿಕದ ಓಹಾಯೊ ನದಿಯ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರಂದು ಬಿತ್ತು. 46 ಜನ ಸತ್ತರು. ಶುರುವಾದದ್ದು ಒಂದೇ ಸರಳಿನ ಸುಮಾರು 2.5 ಮಿಲಿಮೀಟರ್ ಆಳದ ಬಿರುಕಿನಿಂದ. ಉಕ್ಕು ಪೆಡಸು, ಮೇಲೆ ಚಳಿ. ಬಿರುಕಿದ್ದ ಜಾಗ ಜೋಡಣೆಯೊಳಗೆ, ಬಿಚ್ಚದೆ ಕಾಣುವಂತೆಯೇ ಇರಲಿಲ್ಲ. ಉಕ್ಕು ಎಂಥದ್ದು ಅಂತ ತಿಳಿಯದೆ ಬರೀ ಆಳ ಕೇಳಿ ಏನು ಹೇಳೋಕಾಗತ್ತೆ?

ನಮ್ಮಲ್ಲಿ ಇದು ಗೊತ್ತಿಲ್ಲ ಅಂತಲ್ಲ. ವಿಮಾನದ ಭಾಗಗಳಿಗೆ ಬೆಂಗಳೂರಿನ ಎನ್‌ಎಎಲ್ ಅನ್ನೋ ವಿಮಾನ ಸಂಶೋಧನಾ ಸಂಸ್ಥೆಯಲ್ಲಿ ದಶಕಗಳಿಂದ ಇದೇ ವಿದ್ಯೆ. ಪೀಣ್ಯಕ್ಕೂ ಅದಕ್ಕೂ ಎಷ್ಟು ದೂರ? ತೊಡಕು ಇರೋದು ಸಹಿಯಲ್ಲಿ. "ಬಿರುಕಿದೆ, ಇರಲಿ, ಆರು ತಿಂಗಳಿಗೆ ಮತ್ತೆ ನೋಡೋಣ" ಅಂತ ಬರೆದು ಸಹಿ ಹಾಕೋಕೆ ಯಾರೂ ತಯಾರಿಲ್ಲ. "ವೆಲ್ಡ್ ಮಾಡಿ ಸರಿಪಡಿಸಲಾಗಿದೆ" ಅಂದರೆ ಫೈಲು ಮುಚ್ಚುತ್ತದೆ. ಇಲ್ಲಿಯವರೇನು ದೇವರಲ್ಲ, ಲೆಕ್ಕದ ಕಾಗದ ಗುಡ್ಡೆ ಹಾಕಿ ಕಾಲ ತಳ್ಳುವವರು ಇಲ್ಲೂ ಇದ್ದಾರೆ. ಆದರೂ ಆ ಸಹಿಗೆ ಇಲ್ಲೊಂದು ಜಾಗವಿದೆ.

ಒಂದು ವಿಷಯದಲ್ಲಿ ಮೇಸ್ತ್ರಿ ಅರ್ಧ ಸರಿ. ದಪ್ಪ ಸಾಕಷ್ಟಿದ್ದರೆ ಇಲ್ಲೂ ಆಳ ಕಡಿಮೆಯಿರುವ ಬಿರುಕನ್ನು ಅಗೆಯುತ್ತಾರೆ, ನುಣ್ಣಗೆ ಉಜ್ಜುತ್ತಾರೆ, ಮತ್ತೆ ಪರೀಕ್ಷಿಸುತ್ತಾರೆ. ತುಂಬಿಸೋದಿಲ್ಲ, ಅಷ್ಟೇ. ಮೊನ್ನೆ ಫೋನಿನಲ್ಲಿ ಅವರಿಗೆ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಳ್ಳ ಹಂಗೇ ಬಿಟ್ರೆ ಇನ್ಸ್‌ಪೆಕ್ಟರ್ ಸುಮ್ನಿರ್ತಾನೇನಪ್ಪಾ?"