ಫೋನಿಗೂ ಬೇಸಿಗೆ ವೇಳಾಪಟ್ಟಿ ಬೇಕು

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಾತ್ರ ತೆರೆದಿರತಕ್ಕದ್ದು ಎಂಬ ಆದೇಶ ಬೆಂಗಳೂರಿನಿಂದ ಹೊರಡುವುದು ಈ ಭಾಗದವರಿಗೆ ಹೊಸದಲ್ಲ. ಬಿಸಿಲು ನಲವತ್ತೆರಡು ಡಿಗ್ರಿ ಮುಟ್ಟಿದ ಮೇಲೆ ಯಾವ ಜೀವಿಯೂ ಮೊದಲಿನಂತೆ ದುಡಿಯಲಾರದೆಂಬ ಪ್ರಕೃತಿನಿಯಮವನ್ನು ಸರ್ಕಾರ ಒಪ್ಪಿಕೊಂಡು, ಅದಕ್ಕೊಂದು ಸಂಖ್ಯೆ, ದಿನಾಂಕ, ಸಹಿ ಹಾಕಿಸಿ ಪ್ರಕಟಿಸುತ್ತದೆ. ಎರಡು ಗಂಟೆಗೆ ಅರ್ಜಿ ಹಿಡಿದು ಹೋದವನಿಗೆ ಬೀಗ ಕಂಡರೂ, ಆ ಬೀಗದ ಹಿಂದೆ ಒಂದು ಆದೇಶವಿದೆಯೆಂಬ ಸಮಾಧಾನವಾದರೂ ಉಂಟು. ಅವನ ಜೇಬಿನಲ್ಲಿರುವ ಹಳೆಯ ಫೋನು ನಿಧಾನವಾಗುವ ವಿಷಯದಲ್ಲಿ ಅಷ್ಟು ಸೌಜನ್ಯವೂ ಇಲ್ಲ.

ಆ್ಯಪಲ್ ಕಂಪನಿ 2017ರ ಜನವರಿಯಲ್ಲಿ ಐಫೋನಿನ ತಂತ್ರಾಂಶಕ್ಕೆ ಐಒಎಸ್ 10.2.1 ಎಂಬ ಅಪ್‌ಡೇಟ್ ಬಿಟ್ಟಿತು. ಐಫೋನ್ 6, 6ಎಸ್ ಮತ್ತು ಎಸ್‌ಇಗಳ ಬ್ಯಾಟರಿ ಮುಪ್ಪಾಗಿದ್ದರೆ ಈ ಅಪ್‌ಡೇಟ್ ಫೋನಿನ ಮಿದುಳಾದ ಪ್ರೊಸೆಸರಿನ ವೇಗವನ್ನು ತಾನಾಗಿಯೇ ಕಡಿಮೆ ಮಾಡುತ್ತಿತ್ತು. ವೇಗ ಇಳಿಸುತ್ತಿದ್ದೇವೆಂದು ಮಾತ್ರ ಯಾರಿಗೂ ಸರಿಯಾಗಿ ಹೇಳಲಿಲ್ಲ. ಫೋನುಗಳ ವೇಗ ಅಳೆಯುವ ಗೀಕ್‌ಬೆಂಚ್ ತಂತ್ರಾಂಶದ ಜಾನ್ ಪೂಲ್ ಅದೇ ವರ್ಷದ ಡಿಸೆಂಬರಿನಲ್ಲಿ ಅಂಕಿಗಳನ್ನು ಬಹಿರಂಗಪಡಿಸಿದ ಮೇಲೆ, ಕಂಪನಿ ಡಿಸೆಂಬರ್ 20ರಂದು ಒಪ್ಪಿಕೊಂಡು, 28ರಂದು ಕ್ಷಮೆ ಕೇಳಿತು. ಅದು ಕೊಟ್ಟ ಕಾರಣವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇರಲಿಲ್ಲ. ಲಿಥಿಯಂ ಬ್ಯಾಟರಿಗೆ ವಯಸ್ಸಾದಂತೆ ಅದರೊಳಗಿನ ವಿದ್ಯುತ್ ಪ್ರತಿರೋಧ ಏರುತ್ತದೆ. ಕ್ಯಾಮೆರಾ, ಮ್ಯಾಪು, ವಿಡಿಯೊ ಎಲ್ಲವೂ ಒಟ್ಟಿಗೆ ಕೈಚಾಚಿದಾಗ ವೋಲ್ಟೇಜು ಕುಸಿದು, ಶೇಕಡಾ ಮೂವತ್ತು ಚಾರ್ಜು ತೋರಿಸುತ್ತಿದ್ದ ಫೋನು ಹಠಾತ್ತನೆ ಕಣ್ಣುಮುಚ್ಚುತ್ತದೆ. ಹಾಗೆ ಸಾಯುವುದಕ್ಕಿಂತ ತೆವಳುತ್ತ ಬದುಕಲಿ ಎಂಬುದು ಕಂಪನಿಯ ಕರುಣೆ. ಆ ಕರುಣೆಯನ್ನು ಗುಟ್ಟಾಗಿ ಇಟ್ಟದ್ದರಿಂದ, ಹೊಸ ಬ್ಯಾಟರಿ ಹಾಕಿಸಿದರೆ ಮುಗಿಯುತ್ತಿದ್ದ ರೋಗಕ್ಕೆ ಎಷ್ಟೋ ಜನ ಹೊಸ ಫೋನನ್ನೇ ಔಷಧಿಯೆಂದು ಕೊಂಡರು. ಧರ್ಮಕ್ಕೆ ಧರ್ಮ, ವ್ಯಾಪಾರಕ್ಕೆ ವ್ಯಾಪಾರ.

ಕಂಪನಿಯ ಕೈಪಿಡಿಯ ಪ್ರಕಾರ ಐಫೋನು ಬಳಸಲು ತಕ್ಕ ಹವೆ ಸೊನ್ನೆಯಿಂದ ಮೂವತ್ತೈದು ಡಿಗ್ರಿ. ಇದನ್ನು ಅಕ್ಷರಶಃ ಪಾಲಿಸಿದರೆ ಕಲಬುರಗಿ, ಬೀದರ, ಯಾದಗಿರಿಯವರು ಮಾರ್ಚಿನಿಂದ ಜೂನಿನವರೆಗೆ ಹಗಲು ಹೊತ್ತಿನಲ್ಲಿ ಫೋನನ್ನು ದೇವರ ಮನೆಯಲ್ಲಿಟ್ಟು ಕೈಮುಗಿಯಬೇಕಾಗುತ್ತದೆ. ಬ್ಯಾಟರಿಗೆ ಬೇಗ ಮುಪ್ಪು ತರುವ ಮುಖ್ಯ ಸಂಗತಿಗಳಲ್ಲಿ ಸೆಕೆಯೂ ಒಂದಾದ್ದರಿಂದ, ಈ ಭಾಗದ ಫೋನುಗಳಿಗಾದರೂ ಬಹಿರಂಗ ಆದೇಶವೊಂದು ಹೊರಡಲಿ ಎಂಬುದು ನನ್ನ ವಿನಮ್ರ ಬೇಡಿಕೆ: "ಕಲ್ಯಾಣ ಕರ್ನಾಟಕದ ಸಮಸ್ತ ಮೊಬೈಲುಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನ ಒಂದೂವರೆಯ ನಂತರ ಮಂದಗತಿಯಲ್ಲಿ ಕಾರ್ಯನಿರ್ವಹಿಸತಕ್ಕದ್ದು, ಮದುವೆ ಮನೆಯ ವಿಡಿಯೊ ಕಾಲ್ ಹಾಗೂ ಯುಪಿಐ ಪಾವತಿಗಳನ್ನು ಅಗತ್ಯ ಸೇವೆಯೆಂದು ಪರಿಗಣಿಸತಕ್ಕದ್ದು, ಪ್ರತಿಯನ್ನು ಮಾಹಿತಿಗಾಗಿ ಕ್ಯಾಲಿಫೋರ್ನಿಯಾದ ಆ್ಯಪಲ್ ಕಚೇರಿಗೆ ಕಳುಹಿಸಿದೆ." ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯಡಿ ಇದಕ್ಕೆ ಅವಕಾಶವಿದೆಯೇ ಎಂದು ಬಲ್ಲವರು ನೋಡಲಿ.

ಇಷ್ಟಾದ ಮೇಲೆ ಬ್ಯಾಟರಿಯ ಮೇಲೆ ಎಲ್ಲ ಪಾಪವನ್ನೂ ಹೊರಿಸುವ ಹೊಸ ಪದ್ಧತಿಯೊಂದು ಬೆಳೆದಿದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ರಿಪೇರಿ ಅಂಗಡಿಯ ಮುಂದೆ ಒಂದು ಸಂಜೆ ನಿಂತರೆ, ಯಾವ ಫೋನು ಯಾವ ಕಾಯಿಲೆಯಿಂದ ಬಂದರೂ "ಬ್ಯಾಟರಿ ಹೋಗ್ಯಾದ್ರಿ" ಎಂಬ ಒಂದೇ ತೀರ್ಪು ಕೇಳಿಸುತ್ತದೆ. ಫೋನಿನ ಒಳಗೆ ನೋಡಿದರೆ, ಎಂಟು ಕುಟುಂಬ ಗುಂಪುಗಳಿಂದ ಬಂದ ಶುಭೋದಯದ ಚಿತ್ರಗಳು, ಅಳಿಯನ ಗೃಹಪ್ರವೇಶದ ವಿಡಿಯೊ, ಜಾತ್ರೆಯ ತೇರಿನ ಮೂರು ಗಂಟೆಯ ದಾಖಲೆ, ಇವೆಲ್ಲ ಸೇರಿ ಸ್ಟೋರೇಜಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆ್ಯಪುಗಳು ವರ್ಷವರ್ಷ ದಪ್ಪವಾಗುತ್ತವೆ, ಅವು ಓಡಾಡುವ ಜಾಗವಾದ ರ‍್ಯಾಮು ಮಾತ್ರ ಕೊಂಡಾಗ ಇದ್ದಷ್ಟೇ ಇರುತ್ತದೆ. ಹೊಸ ಬ್ಯಾಟರಿ ಹಾಕಿದರೆ ಇಂಥ ಫೋನು ಅದೇ ನಿಧಾನದಲ್ಲಿ ಇನ್ನಷ್ಟು ಹೊತ್ತು ನಡೆಯುತ್ತದೆ, ಅಷ್ಟೇ.

ಆ್ಯಪಲ್ ಸಿಕ್ಕಿಬಿದ್ದ ದಿನಗಳಲ್ಲಿ ಎಚ್‌ಟಿಸಿ ಮತ್ತು ಮೋಟೊರೊಲಾ ಕಂಪನಿಗಳು ಬ್ಯಾಟರಿ ಹಳತಾಯಿತೆಂದು ನಾವು ಫೋನಿನ ವೇಗ ಇಳಿಸುವುದಿಲ್ಲ ಎಂದು ಹೇಳಿಕೊಂಡವು. ಅಂದರೆ ಅವರ ಫೋನುಗಳು ಯಾರ ಒತ್ತಾಯವೂ ಇಲ್ಲದೆ ಸ್ವಇಚ್ಛೆಯಿಂದ ನಿಧಾನವಾಗುತ್ತವೆಂದು ತಿಳಿಯಬೇಕು. ಇಟಲಿಯವರು ಇಂಥ ವೈರಾಗ್ಯವನ್ನು ನಂಬುವ ಜನವಲ್ಲ. ಹಳೆಯ ಫೋನಿಗೆ ಅದು ಹೊರಲಾರದ ಅಪ್‌ಡೇಟ್ ಹೊರಿಸಿದ್ದಕ್ಕೆ 2018ರಲ್ಲಿ ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೋ, ಆ್ಯಪಲ್‌ಗೆ ಒಂದು ಕೋಟಿ ಯೂರೋ ದಂಡ ಹಾಕಿದರು. ಫ್ರಾನ್ಸ್ 2020ರಲ್ಲಿ ಆ್ಯಪಲ್ ಕಂಪನಿಯಿಂದ ಎರಡೂವರೆ ಕೋಟಿ ಯೂರೋ ವಸೂಲಿ ಮಾಡಿತು. ಗಮನಿಸಬೇಕು, ಫ್ರಾನ್ಸಿನ ದಂಡ ಬಿದ್ದದ್ದು ನಿಧಾನ ಮಾಡಿದ್ದಕ್ಕಲ್ಲ, ಹೇಳದೆ ಮಾಡಿದ್ದಕ್ಕೆ. ಅಮೆರಿಕದ ಗ್ರಾಹಕರಿಗೆ 50 ಕೋಟಿ ಡಾಲರುಗಳವರೆಗೆ ಪರಿಹಾರದ ಒಪ್ಪಂದವಾಯಿತು. ನಮ್ಮ ಬಿಸಿಲಿನಲ್ಲಿ ಬೆಂದ ಫೋನುಗಳ ಪಾಲಿಗೆ ಉಳಿದದ್ದು, ಬ್ಯಾಟರಿಯ ಆರೋಗ್ಯ ಶೇಕಡಾ ಇಷ್ಟು ಎಂದು ತೋರಿಸುವ ಒಂದು ಪುಟ. ಈಗ ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತ ಹಿರಿಯರು ತಮ್ಮ ಸಕ್ಕರೆ, ಬಿಪಿಗಳ ಜೊತೆಗೆ ಫೋನಿನ ಶೇಕಡಾವಾರನ್ನೂ ಹೇಳಿಕೊಂಡು ಮರುಗುತ್ತಾರೆ.

ಒಂದು ಕಾಲದಲ್ಲಿ ಉಗುರು ತೂರಿಸಿ ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿಯನ್ನು ಅಂಗಿಯ ತುದಿಗೆ ಒರೆಸಿ ಮತ್ತೆ ಕೂರಿಸುವಷ್ಟು ವಿದ್ಯೆ ಎಲ್ಲರಿಗೂ ಇತ್ತು. ಮುಂದೆ ನಾಗರಿಕತೆ ಬೆಳೆದು ಬೆನ್ನಿಗೆ ಅಂಟು ಬಂತು. ಐರೋಪ್ಯ ಒಕ್ಕೂಟ ಬಹಳ ಚರ್ಚಿಸಿ, 2023ರಲ್ಲಿ ನಿಯಮ ಮಾಡಿ, ಬಳಕೆದಾರನೇ ಬ್ಯಾಟರಿ ತೆಗೆದು ಹಾಕುವಂತಿರಬೇಕು ಎಂಬ ಕ್ರಾಂತಿಕಾರಿ ಆವಿಷ್ಕಾರವನ್ನು 2027ರ ಫೆಬ್ರವರಿ 18ರಿಂದ ಜಾರಿಗೆ ತರಲಿದೆ. ಅದು ಕಲಬುರಗಿ ತಲುಪುವವರೆಗೆ ಹೀಟ್ ಗನ್ನಿನಿಂದ ಅಂಟು ಕಾಯಿಸಿ ಬೆನ್ನು ಬಿಡಿಸುವ ಅಂಗಡಿಯ ಹುಡುಗನೇ ಗತಿ. ರೇಟು ಸ್ವಲ್ಪ ಕಡಿಮೆ ಮಾಡೆಂದು ಕೇಳಿದವರಿಗೆ ಅವನ ಉತ್ತರ ಸಿದ್ಧವಿರುತ್ತದೆ: "ಮೇ ತಿಂಗಳದಾಗ ಬರ್ರಿ ಯಣ್ಣಾ, ಗನ್ನಿನ ಕರೆಂಟ್ ಖರ್ಚು ಬಿಟ್ಟು ಕೊಡ್ತೀನಿ."