ಕುಣಿಯಲಾರದವರ ಗರಗಸ

ಹಳೆಯ ಸಾಮಾನು ಮಾರುವವರೆಲ್ಲ ಹೇಳುವ ಮಾತು ಒಂದೇ: "ಒಂದೆರಡು ಸಲ ಬಳಸಿದ್ದು ಅಷ್ಟೇ, ಹೊಸದರ ಹಾಗೇ ಇದೆ." ಬೈಕಿನ ವಿಷಯದಲ್ಲಿ ಈ ಮಾತು ನಂಬಿದವರು ಕೆಟ್ಟರು. ಸ್ಕ್ರಾಲ್ ಸಾ ಎಂಬ ಮೋಟರಿನ ಗರಗಸದ ವಿಷಯದಲ್ಲಿ ಮಾತ್ರ ಇದು ಎಷ್ಟೋ ಸಲ ನಿಜವಾಗಿರುತ್ತದೆ, ತೊಂದರೆ ಇರುವುದೂ ಅಲ್ಲೇ. ಎರಡೇ ಸಲ ಬಳಸಿ ಮೂಲೆಗೆ ಯಾಕೆ ತಳ್ಳಿದರು?

ಕೇಳಿದರೆ "ಜಾಗ ಸಾಲದು" ಅನ್ನುತ್ತಾರೆ, "ಪುರುಸೊತ್ತಿಲ್ಲ" ಅನ್ನುತ್ತಾರೆ. ನಡೆದದ್ದೇ ಬೇರೆ. ಮೊದಲ ದಿನ ಹಲಗೆ ದಡಬಡ ಕುಣಿಯಿತು, ಎರಡನೇ ದಿನ ನಾಲ್ಕು ಬ್ಲೇಡು ಮುರಿದವು, ಮೂರನೇ ದಿನ ಮೆಷೀನಿನ ಮೇಲೆ ಹಳೆಯ ಬೆಡ್‌ಶೀಟು ಬಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಳ್ಳಲು ಹೋದವರು ಪತ್ತೆ ಮಾಡಬೇಕಾದದ್ದು ಇಷ್ಟೇ: ಡೊಂಕಿದ್ದದ್ದು ನೆಲವೋ, ಕುಣಿದವರ ಕಾಲೋ? ಕಾಲೇ ಆಗಿದ್ದರೆ ಲಾಟರಿ ಹೊಡೆದಂತೆ. ನೆಲವೇ ಆಗಿದ್ದರೆ ಇನ್ನೊಂದು ಬೆಡ್‌ಶೀಟು ಹುಡುಕಬೇಕಾಗುತ್ತದೆ.

ಮೊದಲು ಈ ಗರಗಸದ ಸ್ವಭಾವ ಗೊತ್ತಿರಲಿ. ನೋಡಲು ಹೊಲಿಗೆ ಮೆಷೀನಿನ ದಾಯಾದಿ. 5 ಇಂಚು ಉದ್ದದ, ದಾರದಷ್ಟು ತೆಳ್ಳಗಿನ ಬ್ಲೇಡು ಸುಮಾರು 19 ಮಿಲಿಮೀಟರ್‌ನಷ್ಟು ಮೇಲೆ ಕೆಳಗೆ ಓಡಾಡುತ್ತದೆ. ಜಾಲರಿ, ಅಕ್ಷರ, ಹೂಬಳ್ಳಿ, ಜೋಡಿಸುವ ಒಗಟು, ಇಂಥ ನಾಜೂಕು ಕೆಲಸಕ್ಕೆ ಹುಟ್ಟಿದ್ದು. 2 ಇಂಚು ದಪ್ಪದ ಮರ ಕೊಯ್ಯುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಕೊಯ್ಯುತ್ತದೆ ನಿಜ, ಆದರೆ ಕೊಯ್ಯುವವರ ತಾಳ್ಮೆಯನ್ನೂ ಸೇರಿಸಿ ಕೊಯ್ಯುತ್ತದೆ. 20-25 ಮಿಲಿಮೀಟರ್ ದಾಟಿದರೆ ಸುಖವಿಲ್ಲ. ಕಪಾಟಿನ ಬಾಗಿಲು ಕೊಯ್ಯಲು ಇದನ್ನು ಕೊಂಡವರು ವಾರದೊಳಗೆ ತಾವೇ ಮಾರುವವರ ಸಾಲಿನಲ್ಲಿ ನಿಲ್ಲುತ್ತಾರೆ.

ಈಗ ಡೊಂಕು ಕಾಲಿನ ಕಥೆಗಳು. ಅತ್ಯಂತ ಜನಪ್ರಿಯವಾದದ್ದು ತಲೆಕೆಳಗಾದ ಬ್ಲೇಡು. ಹಲ್ಲಿನ ಮೊನೆ ಕೆಳಗೆ ನೋಡಬೇಕು. ಬ್ಲೇಡು ಇಳಿಯುವಾಗ ಕೊಯ್ದು ಹಲಗೆಯನ್ನು ಟೇಬಲ್ಲಿಗೆ ಒತ್ತಬೇಕು. ಮೊನೆ ಮೇಲೆ ನೋಡುತ್ತಿದ್ದರೆ ಪ್ರತಿ ಏರಿಕೆಗೂ ಹಲಗೆಯನ್ನು ಎತ್ತಿ ಟೇಬಲ್ಲಿಗೆ ಕುಕ್ಕುತ್ತದೆ, ನಿಮಿಷಕ್ಕೆ ಸಾವಿರ ಸಲ. ಮನೆಯವರೆಲ್ಲ ಓಡಿ ಬರುತ್ತಾರೆ. ಹಲ್ಲು ಎಷ್ಟು ಸಣ್ಣವೆಂದರೆ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಬೆರಳನ್ನೇ ಕೇಳಬೇಕು. ಮೆಷೀನಿನ ಪ್ಲಗ್ ಕಿತ್ತು, ಹಲ್ಲಿನ ಬದಿಯನ್ನು ಬೆರಳ ತುದಿಯಿಂದ ಹಗುರವಾಗಿ ಸವರಿ. ಕೆಳಗೆ ಸವರಿದರೆ ನುಣ್ಣಗೆ ಜಾರಬೇಕು, ಮೇಲಕ್ಕೆ ಸವರಿದರೆ ಚರ್ಮ ಕಚ್ಚಬೇಕು. ಉಲ್ಟಾ ಆದರೆ ಬ್ಲೇಡೂ ಉಲ್ಟಾ.

ಇನ್ನೊಂದು ಜಾತಿಯ ಬ್ಲೇಡಿನಲ್ಲಿ ಕೆಳತುದಿಯ ಕೆಲವು ಹಲ್ಲು ಬೇಕೆಂದೇ ಮೇಲ್ಮುಖವಾಗಿರುತ್ತವೆ, ಹಲಗೆಯ ತಳ ಸಿಬಿರೇಳದಿರಲಿ ಅಂತ. ಬ್ಲೇಡು ಪೂರ್ತಿ ಮೇಲೇರಿದಾಗ ಇವುಗಳಲ್ಲಿ ಎರಡು ಮೂರು ಮಾತ್ರ ಟೇಬಲ್ಲಿನ ಮೇಲೆ ಕಾಣಬೇಕು. ಹತ್ತು ಕಂಡರೆ ಮತ್ತದೇ ಕುಣಿತ.

ಎರಡನೆಯ ದೂರು: "ಗೆರೆ ಮೇಲೆ ಹೋಗೋದೇ ಇಲ್ಲ, ಬಲಕ್ಕೆ ಎಳೆಯುತ್ತೆ." ಇದು ಮೆಷೀನಿನ ದೋಷವೇ ಅಲ್ಲ. ಸಾಮಾನ್ಯ ಬ್ಲೇಡುಗಳನ್ನು ತಯಾರಿಸುವಾಗ ಹಲ್ಲಿನ ಒಂದು ಪಕ್ಕದಲ್ಲಿ ಸಣ್ಣ ಮುಳ್ಳಂಚು ಉಳಿಯುತ್ತದೆ. ಆ ಪಕ್ಕ ಹೆಚ್ಚು ಹರಿತ, ಹಾಗಾಗಿ ಬ್ಲೇಡು ಆ ಕಡೆಗೇ ವಾಲುತ್ತದೆ. ಹಲಗೆಯನ್ನು ತುಸು ಓರೆ ಹಿಡಿದು ತಳ್ಳುವುದು ಎಲ್ಲ ಸ್ಕ್ರಾಲ್ ಸಾ ಕೆಲಸಗಾರರಿಗೂ ಕೈಗೆ ಬಂದುಬಿಟ್ಟಿರುತ್ತದೆ. ಹಿಂದಿನ ಮಾಲೀಕರು ಮಾತ್ರ ನೇರ ತಳ್ಳಿ, ನೇರ ಬೈದು, ನೇರ ಮಾರಾಟಕ್ಕಿಟ್ಟಿರುತ್ತಾರೆ.

ಮೂರನೆಯದು "ಬ್ಲೇಡು ನಿಲ್ಲೋದೇ ಇಲ್ಲ." ಸಡಿಲ ಬಿಟ್ಟರೂ ಮುರಿಯುತ್ತದೆ, ಅತಿಯಾಗಿ ಬಿಗಿದರೂ ಮುರಿಯುತ್ತದೆ, ಆತುರಕ್ಕೆ ತಳ್ಳಿದರಂತೂ ಹೇಳುವುದೇ ಬೇಡ. ಬಿಗಿ ಸರಿಯಾಗಿದ್ದರೆ ಬ್ಲೇಡನ್ನು ಮೀಟಿದಾಗ ತಂತಿಯ ಹಾಗೆ 'ಟಿಂಗ್' ಅನ್ನಬೇಕು. ಬೆರಳಿಂದ ಪಕ್ಕಕ್ಕೆ ಒತ್ತಿದರೆ 3 ಮಿಲಿಮೀಟರ್‌ಗಿಂತ ಹೆಚ್ಚು ಬಾಗಬಾರದು. 'ಡುಬ್' ಅಂದರೆ ಸಡಿಲ. ಅಲ್ಲದೆ ಈ ಬ್ಲೇಡು ಚಿರಾಯುವೇನೂ ಅಲ್ಲ. ಗಟ್ಟಿ ಮರದಲ್ಲಿ ಕಾಲು ಗಂಟೆ, ಅರ್ಧ ಗಂಟೆ ಕೊಯ್ದರೆ ಅದರ ಋಣ ತೀರಿತು. ಒಂದೇ ಬ್ಲೇಡಿನಲ್ಲಿ ವರ್ಷ ತಳ್ಳಲು ಹೊರಟವರ ಹಲಗೆಯ ಅಂಚು ಕಪ್ಪಗೆ ಸುಟ್ಟಿರುತ್ತದೆ, ಅದನ್ನೂ ಮೋಟರಿನ ತಲೆಗೇ ಕಟ್ಟಿರುತ್ತಾರೆ.

ಹಾಗಾಗಿ ನೋಡಲು ಹೋದಲ್ಲಿ ಮೆಷೀನಿಗಿಂತ ಮೊದಲು ಅದರ ಪಕ್ಕದ ಡಬ್ಬಿ ನೋಡಿ. ಮುರಿದ ಬ್ಲೇಡಿನ ತುಂಡುಗಳು ಅಲ್ಲಿದ್ದೇ ಇರುತ್ತವೆ. ಯಾಕೋ ಯಾರಿಗೂ ಎಸೆಯಲು ಮನಸ್ಸು ಬರುವುದಿಲ್ಲ. ನಡುವೆ ಮುರಿದಿದ್ದರೆ ಸಂತೋಷ, ತಪ್ಪು ಕೈಯದ್ದೇ ಇರಬೇಕು. ಎಲ್ಲವೂ ತುದಿಯಲ್ಲೇ, ಬ್ಲೇಡನ್ನು ಕಚ್ಚಿಹಿಡಿಯುವ ಹಿಡಿಕೆಯ ಬುಡದಲ್ಲೇ ಪಟಕ್ಕನೆ ಮುರಿದಿದ್ದರೆ ಹುಷಾರು. ಮೇಲಿನ ಕೆಳಗಿನ ಹಿಡಿಕೆಗಳು ಒಂದೇ ನೇರದಲ್ಲಿಲ್ಲ, ಇಲ್ಲವೇ ಹಿಡಿಕೆ ತನ್ನ ಕೀಲಿನಲ್ಲಿ ಸಲೀಸಾಗಿ ತಿರುಗದೆ ಪ್ರತಿ ಏರಿಳಿತಕ್ಕೂ ಬ್ಲೇಡನ್ನು ಬಾಗಿಸುತ್ತಿದೆ. ಇಲ್ಲಿಂದ ನೆಲದ ಡೊಂಕು ಶುರು.

ಈ ಹಿಡಿಕೆಯೇ ಸ್ಕ್ರಾಲ್ ಸಾದ ಪ್ರಾಣ. ಬ್ಲೇಡಿನಲ್ಲಿ ಎರಡು ಕುಲ: ತುದಿಗೆ ಅಡ್ಡ ಪಿನ್ನು ಇರುವುದು, ಪಿನ್ನಿಲ್ಲದ ಬೋಳು ತುದಿಯದು. ಪಿನ್ನಿನದು ಸಿಕ್ಕಿಸಲು ಸಲೀಸು, ಆದರೆ ಜಾಲರಿಯ ಒಳಗಿನ ಕಂಡಿ ಕೊಯ್ಯಲು ಆ ಪಿನ್ನು ತೂರುವಷ್ಟು ದೊಡ್ಡ ತೂತು ಬೇಕು, 5 ಮಿಲಿಮೀಟರ್ ಆಸುಪಾಸು. ನೀವು ಕೊಯ್ಯಬೇಕೆಂದಿರುವ ಎಲೆಯೇ 4 ಮಿಲಿಮೀಟರ್ ಅಗಲ ಇದ್ದರೆ ಎಲೆಗಿಂತ ತೂತೇ ದೊಡ್ಡದು! ಬೋಳು ತುದಿಯ ಸಣ್ಣ ಬ್ಲೇಡಿಗೆ ಒಂದೂವರೆ ಮಿಲಿಮೀಟರ್ ತೂತು ಸಾಕು. ಬರೀ ಪಿನ್ನಿನ ಬ್ಲೇಡು ಹಿಡಿಯುವ ಮೆಷೀನು ಎಷ್ಟೇ ಅಗ್ಗವಿದ್ದರೂ ನಾಜೂಕು ಕೆಲಸದ ಆಸೆ ಇರುವವರು ನಮಸ್ಕಾರ ಹೇಳಿ ಬರುವುದೇ ಮೇಲು. ಕೆಲವಕ್ಕೆ ಬೋಳು ಬ್ಲೇಡಿನ ಹಿಡಿಕೆ ಬೇರೆಯಾಗಿ ಸಿಗುತ್ತದೆ. ಆ ಪುಟ್ಟ ತುಣುಕು, ಅದರ ಸ್ಕ್ರೂ, ಅದನ್ನು ತಿರುಗಿಸುವ ಎಲ್ ಆಕಾರದ ಕೀಲಿ ಮೂರೂ ಇವೆಯೇ ಅಂತ ಕೇಳಿ. "ಎಲ್ಲೋ ಇಟ್ಟಿದೀನಿ" ಅಂದರೆ ಇಲ್ಲ ಎಂದೇ ಅರ್ಥ.

ಹಿಡಿಕೆಯಲ್ಲಿ ಬೆರಳಿಂದಲೇ ತಿರುಗಿಸುವ ಸ್ಕ್ರೂವನ್ನು ಪೂರ್ತಿ ಬಿಚ್ಚಿ ಮತ್ತೆ ಹಾಕಿ ನೋಡಿ. ಸಿಟ್ಟು ಬಂದವರು ಇಕ್ಕಳ ಹಾಕಿ ತಿರುಗಿಸಿ ಮರೆ, ಅಂದರೆ ಸ್ಕ್ರೂವಿನ ಸುರುಳಿ ಗೆರೆ, ಸವೆಸಿರುತ್ತಾರೆ. ಸ್ಕ್ರೂ ಬದಲಿಸುವುದು ಸುಲಭ. ಮರೆ ಹೋಗಿದ್ದು ಹಿಡಿಕೆ ಕೂರುವ ತೋಳಿನ ಕಡೆಯದಾದರೆ ಕಷ್ಟ. ಬ್ಲೇಡು ಹಿಡಿಕೆಯಿಂದ ಜಾರಿ ಬರುತ್ತಿದ್ದರೆ ಮಾತ್ರ ಅವಸರದ ತೀರ್ಪು ಬೇಡ. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿರುತ್ತಾರೆ. ಎರಡೂ ತುದಿಯನ್ನು ಉಪ್ಪುಕಾಗದದಲ್ಲಿ ಒಂದೆರಡು ಸಲ ಉಜ್ಜಿ, ಸ್ಕ್ರೂವಿನ ಮೂತಿಯನ್ನೂ ಒರೆಸಿ ಮತ್ತೆ ಬಿಗಿದರೆ ಅರ್ಧಕ್ಕರ್ಧ ಜಾರುಬಂಡಿಗಳು ಅಲ್ಲಿಗೇ ನಿಲ್ಲುತ್ತವೆ.

ಬ್ಲೇಡು ಬದಲಿಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಡಿಯಾರ ನೋಡಿಯೇ ಅಳೆಯಿರಿ. ಜಾಲರಿಯಲ್ಲಿ 40 ಕಂಡಿ ಇದ್ದರೆ 40 ಸಲ ಬ್ಲೇಡಿನ ಮೇಲ್ತುದಿ ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಬಿಗಿಯಬೇಕು. ಸಲಕ್ಕೆ 20 ಸೆಕೆಂಡಾದರೆ ಒಟ್ಟು 13 ನಿಮಿಷ ಚಿಲ್ಲರೆ. 2 ನಿಮಿಷವಾದರೆ 80 ನಿಮಿಷ ಪೋಣಿಸುವುದರಲ್ಲೇ ಹೋಯಿತು. ಬಿಗಿ ಮಾಡುವ ಸನ್ನೆಕೋಲು ಮುಂದುಗಡೆ ಕೈಗೆಟುಕುವಂತಿದ್ದರೆ, ಮೇಲಿನ ತೋಳು ಎತ್ತಲು ಬರುವಂತಿದ್ದರೆ, ಅಂಥ ಮೆಷೀನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ತೋಳಿನ ಆಳ, ಅಂದರೆ ಬ್ಲೇಡಿನಿಂದ ಮೆಷೀನಿನ ಹಿಂಭಾಗದವರೆಗಿನ ಅಂತರದ ಬಗ್ಗೆ ಜನ ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾರೆ. 16 ಇಂಚಿನದು ಬಹುಪಾಲು ಕೆಲಸಕ್ಕೆ ಸಾಕು.

ಮುಂದಿನದು ಕೀಲುಗಳ ತಪಾಸಣೆ. ಪ್ಲಗ್ ಕಿತ್ತಿರಲಿ, ಬ್ಲೇಡು ಬಿಗಿದಿರಲಿ. ಮೇಲಿನ ತೋಳಿನ ತುದಿ ಹಿಡಿದು ಎಡಬಲಕ್ಕೆ ಅಲುಗಿಸಿ. ನಂತರ ಮೋಟರನ್ನು ಕೈಯಲ್ಲೇ ನಿಧಾನ ತಿರುಗಿಸುತ್ತಾ ಒಂದು ಬೆರಳನ್ನು ಒಂದೊಂದೇ ಕೀಲಿನ ಮೇಲಿಟ್ಟು ನೋಡಿ. ಬೇರಿಂಗ್ ಅಥವಾ ಬುಷ್ ಸವೆದಿದ್ದರೆ ಕಿವಿಗಿಂತ ಮೊದಲು ಬೆರಳಿಗೇ 'ಟಕ್' ಅಂತ ಗೊತ್ತಾಗುತ್ತದೆ. ಗ್ರೀಸು ಒಣಗಿ ಕಿರುಗುಟ್ಟುವುದು ಬೇರೆ, ಲೋಹಕ್ಕೆ ಲೋಹ ಬಡಿಯುವುದು ಬೇರೆ. ಮೊದಲನೆಯದಕ್ಕೆ ಒಂದು ಸಂಜೆ ಸಾಕು. ಎರಡನೆಯದಕ್ಕೆ ಬಿಡಿಭಾಗ ಬೇಕು. ಆ ಮಾದರಿಯ ತಯಾರಿ ನಿಂತಿದ್ದರೆ ಬಿಡಿಭಾಗಕ್ಕಾಗಿ ಇನ್ನೊಂದು ಕೆಟ್ಟ ಮೆಷೀನು ಕೊಳ್ಳಬೇಕು. ಹೀಗೆ ಮನೆಯಲ್ಲಿ ಮೂರು ಕೆಟ್ಟ ಮೆಷೀನು ಸೇರಿಸಿಕೊಂಡವರೂ ಇದ್ದಾರೆ.

ಆಮೇಲೆ ಚಾಲೂ ಮಾಡಿ. ವೇಗದ ಗುಂಡಿಯನ್ನು ಸೊನ್ನೆಯಿಂದ ಕೊನೆಯವರೆಗೆ ನಿಧಾನ ತಿರುಗಿಸಿ. ನಿಮಿಷಕ್ಕೆ 400ರ ಆಸುಪಾಸಿನಿಂದ 1,600-1,700 ಏರಿಳಿತದವರೆಗೆ ಒಂದೇ ಸಮನೆ ಏರಬೇಕು. ನಡುವೆ ಎಗರಿ ಪೂರ್ತಿ ವೇಗಕ್ಕೆ ಹಾರಿದರೆ ಗುಂಡಿಯ ಒಳಗಿನ ಬಿಡಿಭಾಗ ಸವೆದಿರಬಹುದು, ಅದು ಅಗ್ಗದ ಕೆಲಸ. ಒಳಗಿನ ಸರ್ಕಿಟ್ ಬೋರ್ಡೇ ಹೋಗಿದ್ದರೆ ಮೆಷೀನಿನ ಬೆಲೆಗೆ ಹತ್ತಿರದ ಖರ್ಚು. ಬೇರೆ ದೇಶದಿಂದ ಬಂದ ಮೆಷೀನಾದರೆ ಮೋಟರಿನ ಮೇಲಿನ ತಗಡಿನ ಫಲಕ ಓದದೆ ಪ್ಲಗ್ ಮುಟ್ಟಬೇಡಿ. 110 ವೋಲ್ಟಿನದನ್ನು 230ಕ್ಕೆ ಸಿಕ್ಕಿಸಿದರೆ ತೀರ್ಮಾನ ಬಹಳ ಬೇಗ ಆಗುತ್ತದೆ, ಹೊಗೆಯ ಸಮೇತ. ಟ್ರಾನ್ಸ್‌ಫಾರ್ಮರ್ ಹಾಕಿದರೂ ಅದು ವೋಲ್ಟನ್ನಷ್ಟೇ ಇಳಿಸುತ್ತದೆ, ಕರೆಂಟಿನ ಆವರ್ತನವನ್ನು (ಹರ್ಟ್ಸ್) ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಇಂಡಕ್ಷನ್ ಮೋಟರು ನಮ್ಮ 50ರಲ್ಲಿ ಆರನೇ ಒಂದು ಪಾಲು ನಿಧಾನವಾಗಿ, ಹೆಚ್ಚು ಬಿಸಿಯಾಗಿ ಓಡುತ್ತದೆ.

ಓಡುತ್ತಿರುವಾಗ ಟೇಬಲ್ಲಿನ ಮೇಲೆ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡುವ ಪರೀಕ್ಷೆಯೊಂದಿದೆ. ನಿಂತರೆ ಕೈಮುಗಿಯಿರಿ. ಬಿದ್ದರೆ ಮೆಷೀನನ್ನು ಬೈಯುವ ಮೊದಲು ಅದನ್ನು ಯಾವುದರ ಮೇಲೆ ಇಟ್ಟಿದ್ದಾರೆ ನೋಡಿ. ಮಡಚುವ ಟೇಬಲ್ಲು, ಕುಂಟು ಸ್ಟೂಲು, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇಟ್ಟು ತೋರಿಸುವ ಮಹಾನುಭಾವರೂ ಉಂಟು. ಇಲ್ಲಿ ಮಾತ್ರ ಕುಣಿಯಲಾರದವಳ ಮಾತು ಅಕ್ಷರಶಃ ನಿಜ, ನೆಲವೇ ಡೊಂಕು. ಭಾರದ ಬೆಂಚಿಗೆ ಬೋಲ್ಟು ಹಾಕಿ ಬಿಗಿದರೆ ಅರ್ಧ ನಡುಕ ಮಾಯ.

ಬ್ಲೇಡು ಟೇಬಲ್ಲಿಗೆ ಲಂಬವಾಗಿ ನೇರ ನಿಂತಿದೆಯೇ ಎಂದು ತಿಳಿಯಲು ಟೇಬಲ್ಲಿನ ಓರೆ ತೋರಿಸುವ ಅಳತೆಪಟ್ಟಿಯನ್ನು ನಂಬಬೇಡಿ, ಅದು ಬರೀ ಅಲಂಕಾರ. 20 ಮಿಲಿಮೀಟರ್ ದಪ್ಪದ ಮರದ ತುಂಡಿನ ಅಂಚಿಗೆ ಒಂದು ಚಿಕ್ಕ ಗೀರು ಕೊಯ್ಯಿರಿ. ಮೆಷೀನು ನಿಲ್ಲಿಸಿ, ತುಂಡನ್ನು ಮಗುಚದೆ ಹಾಗೇ ಅರ್ಧ ಸುತ್ತು ತಿರುಗಿಸಿ, ಬ್ಲೇಡಿನ ಹಿಂದುಗಡೆಯಿಂದ ಅದೇ ಗೀರನ್ನು ಬ್ಲೇಡಿಗೆ ತೂರಿಸಿ. ಸಲೀಸಾಗಿ ಕೂತರೆ ನೇರ. ಮೇಲೆಯೋ ಕೆಳಗೆಯೋ ತಾಗಿದರೆ ಟೇಬಲ್ಲನ್ನು ತುಸು ಓರೆ ಮಾಡಿ ಮತ್ತೊಮ್ಮೆ. ಎಷ್ಟು ಸರಿಪಡಿಸಿದರೂ ಕೂರದಿದ್ದರೆ, ಯಾರೋ ಮೆಷೀನನ್ನು ಮೇಲಿನ ತೋಳು ಹಿಡಿದು ಎತ್ತಿ ಸಾಗಿಸಿರುವ ಸಾಧ್ಯತೆ ಇದೆ. ಆ ತೋಳು ಚೀಲದ ಹಿಡಿಯ ಹಾಗೆ ಕಾಣುವುದೇ ಅದರ ಕರ್ಮ. ಕೊಂಡ ಮೇಲೆ ನೀವೂ ಹಾಗೆ ಎತ್ತಬೇಡಿ. 20-25 ಕಿಲೋವರೆಗೂ ತೂಗಬಲ್ಲ ಮೆಷೀನನ್ನು ಬುಡ ಹಿಡಿದೇ ಎತ್ತಬೇಕು, ಇಬ್ಬರಾದರೆ ಸೊಂಟಕ್ಕೂ ಕ್ಷೇಮ.

ಚೌಕಾಸಿಗೆ ಮಾತ್ರ ಉಪಯೋಗಕ್ಕೆ ಬರುವ, ನಿಜಕ್ಕೂ ಲೆಕ್ಕಕ್ಕಿಲ್ಲದ ದೋಷಗಳೂ ಇವೆ. ಟೇಬಲ್ಲಿನ ಮೇಲಿನ ತುಕ್ಕು ಉಪ್ಪುಕಾಗದ, ಮೇಣಕ್ಕೆ ಹೋಗುತ್ತದೆ. ಹಲಗೆ ಒತ್ತಿಹಿಡಿಯುವ ಪಾದ ಕಾಣೆಯಾಗಿದ್ದರೆ ಹಿಂದಿನವರು ಪಳಗಿದ ಕೈಯೇ ಇರಬಹುದು, ಬಹಳ ಜನ ಅದನ್ನು ಕಿತ್ತೇ ಕೆಲಸ ಮಾಡುತ್ತಾರೆ. ಹೊಟ್ಟು ಊದುವ ರಬ್ಬರ್ ತಿದಿ ಹರಿದು ಗೆರೆ ಕಾಣದಿದ್ದರೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಸಣ್ಣ ಪಂಪಿನ ಕೊಳವೆ ಕಟ್ಟಿದರೂ ನಡೆಯುತ್ತದೆ. ಊದಿದ ಹೊಟ್ಟು ನಿಮ್ಮ ಮೂಗಿಗೇ ಬರುವುದರಿಂದ ಮಾಸ್ಕು, ಕನ್ನಡಕ ಎರಡೂ ಇರಲಿ.

ಹೋಗುವಾಗ ಜೇಬಿನಲ್ಲಿ ಮಧ್ಯಮ ಗಾತ್ರದ, 5ನೇ ನಂಬರಿನ ಹೊಸ ಬ್ಲೇಡು ನಾಲ್ಕು, ಚೂರು ಉಪ್ಪುಕಾಗದ, ಒಂದು ಮರದ ತುಂಡು, 6 ಮಿಲಿಮೀಟರ್ ಪ್ಲೈವುಡ್ಡಿನ ತುಂಡು, ಒಂದು ನಾಣ್ಯ ಇರಲಿ. ದಾನದ ಎತ್ತಿನ ಹಲ್ಲು ಎಣಿಸಬಾರದು ನಿಜ, ದುಡ್ಡು ಕೊಟ್ಟು ಕೊಳ್ಳುವ ಗರಗಸದ ಹಲ್ಲು ಮುಟ್ಟಿಯೇ ನೋಡಬೇಕು.

ಬರೀ ಒಂದು ಎಚ್ಚರ. ಕೀಲು, ಹಿಡಿಕೆ, ಮೋಟರು ಎಲ್ಲ ನೆಟ್ಟಗಿದ್ದು, ಬ್ಲೇಡು ಮಾತ್ರ ತಲೆಕೆಳಗಾಗಿರುವುದು ಕಂಡರೆ ಮುಖದಲ್ಲಿ ಏನೂ ತೋರಿಸದೆ ಮೊದಲು ದರ ಮಾತಾಡಿ ಮುಗಿಸಿ. ಅವರೆದುರೇ ಬ್ಲೇಡು ತಿರುಗಿಸಿ ಹಾಕಿ, ಪ್ಲೈವುಡ್ಡಿನಲ್ಲಿ ಬೆಣ್ಣೆ ಕೊಯ್ದ ಹಾಗೆ ಒಂದು ಸುತ್ತು ಹೊಡೆದು ತೋರಿಸಿದಿರೋ, ಮಾರುವವರು ಬೆಡ್‌ಶೀಟು ಮಡಚಿಡುತ್ತಾ ಹೇಳುತ್ತಾರೆ: "ಹೌದಾ, ಇದು ಹೀಗೂ ಕೊಯ್ಯುತ್ತಾ? ಹಾಗಾದ್ರೆ ಇರ್ಲಿ ಬಿಡಿ, ನಾವೇ ಇಟ್ಕೋತೀವಿ."