ಅಗುಳಿ ತೂತಿನ ಮೇಜು

ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ನೆಂಟರು ಬಂದರೆ ನಾನು ತಪ್ಪದೆ ಕರೆದೊಯ್ಯುವ ಜಾಗ ಫಿಲಿಪ್ಸ್‌ನ ಒಂದು ಹಳೇ ಕಾರ್ಖಾನೆ. ಅಲ್ಲೀಗ ಪೀಠೋಪಕರಣ ವಿನ್ಯಾಸಕ ಪೀಟ್ ಹೈನ್ ಏಕ್ ಅವರ ಮರಗೆಲಸದ ಶೆಡ್ಡು, ಅಂಗಡಿ, ಹೋಟೆಲು ಇವೆ. 1990ರಲ್ಲಿ ಇದೇ ಊರಿನ ವಿನ್ಯಾಸ ಶಾಲೆಯಲ್ಲಿ ಓದು ಮುಗಿಸುವಾಗ ಅವರು ರದ್ದಿ ಮರದಿಂದ ಒಂದು ಬೀರು ಮಾಡಿದ್ದರು. ಹಳೇ ಬಣ್ಣ, ಸೀಳು ಎಲ್ಲ ಇದ್ದ ಹಾಗೇ. ಈಗ ಅಂಥ ಮೇಜಿನ ಬೆಲೆ ಕೇಳಿ ನಮ್ಮ ಚಿಕ್ಕಮ್ಮ, 'ಈ ದುಡ್ಡಿಗೆ ಊರಲ್ಲಿ ಹೊಸಾ ತೇಗದ್ದೇ ಬರ್ತಿತ್ತಲ್ಲೋ' ಅಂದರು.

ಅವರ ಲೆಕ್ಕ ತಪ್ಪಲ್ಲ. ರದ್ದಿ ಮರ ಪುಕ್ಕಟೆ ಸಿಕ್ಕೀತು, ಕೈಕೆಲಸ ಸಿಗದು. ಮೊಳೆ ಒಂದೊಂದಾಗಿ ಕೀಳಬೇಕು; ಒಂದು ಉಳಿದರೂ ಮೆಷಿನ್ನಿನ ಅಲಗು ಹೋಯಿತು. ತುಂಡಿಗೊಂದು ದಪ್ಪ. ಯುರೋಪಿನ ಕೂಲಿಯಲ್ಲಿ ಅದು ಅಗ್ಗವಾಗುವುದು ಹೇಗೆ?

ನಮ್ಮಲ್ಲಿ ತಿರುಗಾಮುರುಗಾ ಇತ್ತು. ಮರ ದುಬಾರಿ, ಆಚಾರಿ ಕೂಲಿ ಕಮ್ಮಿ. ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆ ಬಿಚ್ಚಿದಾಗ ಜಂತೆ ಮಂಚವಾಯಿತು, ಹಲಸಿನ ಬಾಗಿಲು ಊಟದ ಮೇಜಾಯಿತು. ಅಗುಳಿ ತೂತಿಗೆ ಆಚಾರಿ ಮರದ ಪುಡಿ, ಫೆವಿಕಾಲ್ ಕಲಸಿ ತುಂಬಿದರು. 'ಹಾಗೇ ಬಿಡಿ' ಅಂದೆ. 'ನೋಡಿದವ್ರು ನನ್ನ ಕೆಲಸಕ್ಕೆ ನಗಾಡ್ತಾರೆ ಮಾರಾಯ್ರೆ' ಅಂದರು.

ಈಗ ಆ ಲೆಕ್ಕವೂ ಕೆಟ್ಟಿದೆ. ಆಚಾರಿ ಸಿಗುವುದಿಲ್ಲ, ಪ್ಲೈವುಡ್ ಸಿಗುತ್ತದೆ. ದುಡ್ಡು ಉಳಿಯದ ಮೇಲೆ ಹಳೇ ಮರ ಇಟ್ಟುಕೊಳ್ಳಲು ಬೇರೆ ಕಾರಣ ಬೇಕು. ಇದು ನಮ್ಮ ಮನೆಯ ಬಾಗಿಲಾಗಿತ್ತು ಅನ್ನುವುದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯುತ್ತಿಲ್ಲ. ಅದನ್ನೇ ಪುಟ್ಟಿ ಹಾಕಿ ಮುಚ್ಚುತ್ತಿದ್ದೇವೆ.

ನೆದರ್ಲೆಂಡ್ಸ್‌ನಿಂದ ಕಲಿಯಬೇಕಾದ್ದು ಇನ್ನೊಂದಿದೆ, ಚಂದದ್ದಲ್ಲ, ಬರೀ ಎಚ್ಚರದ್ದು. ಇಲ್ಲಿ ಕಸ ಕೊಡುವಾಗಲೇ ಮರಕ್ಕೆ ಮೂರು ಗುಂಪು: ಎ ಅಂದರೆ ಬಣ್ಣ ಬಳಿಯದ್ದು, ಬಿ ಬಣ್ಣ, ಅಂಟು ಇದ್ದದ್ದು, ಸಿ ಕೊಳೆಯದಂತೆ ರಾಸಾಯನಿಕ ಕುಡಿಸಿದ್ದು. ಸಿ ಮನೆಯೊಳಗೆ ಬರಬಾರದು. ಬೆಂಗಳೂರಿನಲ್ಲಿ ಪ್ಯಾಲೆಟ್, ಅಂದರೆ ಸರಕು ಸಾಗಿಸುವ ಮರದ ಅಟ್ಟಣಿಗೆ, ಬಿಚ್ಚಿ ಸೋಫಾ ಮಾಡಿಸಿಕೊಂಡ ಗೆಳೆಯನಿಗೆ ಹಲಗೆಯ ಮುದ್ರೆ ನೋಡು ಅಂದೆ. ಎಚ್‌ಟಿ ಅಂದರೆ ಬಿಸಿ ಮಾಡಿದ್ದು, ಎಂಬಿ ಅಂದರೆ ಹುಳ ಸಾಯಲಿ ಅಂತ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಅವನು ಮುದ್ರೆಯನ್ನು ಮೊದಲೇ ಉಜ್ಜಿಸಿಬಿಟ್ಟಿದ್ದ, ನೀಟಾಗಿ ಕಾಣಲಿ ಅಂತ.

ಊರಿನ ಮೇಜಿನಲ್ಲಿ ಆಚಾರಿ ತುಂಬಿದ್ದು ಉದುರಿ ಅಗುಳಿ ತೂತು ಮತ್ತೆ ಕಾಣುತ್ತಿದೆ. ಕಳೆದ ಸಲ ಹೋದಾಗ ಚಿಕ್ಕಮ್ಮ ಅದರ ಮೇಲೆ ಮಜ್ಜಿಗೆ ಪಾತ್ರೆ ಇಟ್ಟಿದ್ದರು.